ಶೂಫ್ಲೈ ಪೈ ಮತ್ತು ಚಕ್ಲಿ ಒರಳು

ನಾನೊಂದು ಲವ್ ಸ್ಟೋರಿ ಬರೆಯೋಕೆ ಹೊರಟಿದ್ದೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಅದು ರೆಸಿಪಿ ಆಗಿಬಿಟ್ಟಿತ್ತು.

ನಾಯಕ ಟೋಪಿ ಕೈಯಲ್ಲಿ ಹಿಡ್ಕೊಂಡು ಇನ್ನೂ ಬಾಗಿಲಲ್ಲೇ ನಿಂತಿದ್ದ. ನಾಯಕಿ ಒಳಗೆ ಮೈದಾಹಿಟ್ಟಿಗೆ ಬೆಣ್ಣೆ, ಕಂದು ಸಕ್ಕರೆ ಸೇರಿಸಿ ಬೆರಳ ತುದಿಯಲ್ಲಿ ಉದುರುದುರಾಗಿ ಉಜ್ಜುತ್ತಾ ಇದ್ದಳು. ಒಂದು ಪುಟ ಉಜ್ಜಿದಳು. ಎರಡನೇ ಪುಟದಲ್ಲಿ ಬಿಸಿನೀರಿಗೆ ಕಾಕಂಬಿ ಸುರಿದು, ಅಡುಗೆ ಸೋಡಾ ಹಾಕಿ, ಅದು ಬುಸ್ ಅಂತ ನೊರೆಯೇಳೋದನ್ನು ನೋಡಿದಳು. ಮೂರನೇ ಪುಟದಲ್ಲಿ ಒಲೆ ಹದಕ್ಕೆ ಕಾದಿದೆಯಾ ಅಂತ ಕೈ ಒಡ್ಡಿ ನೋಡಿದಳು. ಪಾಪ, ಆ ಹುಡುಗನಿಗೆ ‘ಒಳಗೆ ಬಾ’ ಅನ್ನೋಕೂ ನನಗೆ ಪುರುಸೊತ್ತಾಗಲಿಲ್ಲ.

ಇದೆಲ್ಲಾ ಶುರುವಾಗಿದ್ದು ಆನ್‌ಸೈಟಿನಿಂದ. ಆಫೀಸಿನವರು ನನ್ನನ್ನು ಹದಿನಾಲ್ಕು ತಿಂಗಳಿಗೆ ಫಿಲಡೆಲ್ಫಿಯಾ ಕಡೆ ಕಳಿಸಿದ್ದರು. ಹಗಲು ಅಲ್ಲಿನ ಕ್ಲೈಂಟ್, ರಾತ್ರಿ ಬೆಂಗಳೂರಿನ ಟೀಮ್, ಎರಡರ ಮಧ್ಯೆ ಮೈಕ್ರೋವೇವಿನಲ್ಲಿ ಬಿಸಿ ಮಾಡಿಕೊಂಡ ಅನ್ನ. ಒಂದು ಶನಿವಾರ ಮನೆ ಹತ್ತಿರದ ಲೈಬ್ರರಿಯಲ್ಲಿ ಹಳೇ ಪುಸ್ತಕಗಳ ಮಾರಾಟ ಇತ್ತು. ಡಾಲರಿಗೊಂದು. ಒಂದು ಕಾದಂಬರಿಯ ಮುಖಪುಟದಲ್ಲಿ ಬಿಳಿ ಟೋಪಿ ತೊಟ್ಟು ತಲೆ ತಗ್ಗಿಸಿ ನಿಂತ ಹುಡುಗಿ, ಹಿಂದೆ ಜೋಳದ ಹೊಲ, ದೂರದಲ್ಲೊಂದು ಕುದುರೆಗಾಡಿ, ಅವಳ ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಬುಟ್ಟಿಯಲ್ಲೇನಿದೆ ಅಂತ ನೋಡೋಣ ಅಂತಲೇ ತಗೊಂಡೆ. ಬ್ರೆಡ್ ಇತ್ತು. ಬೆಳಗಿನ ಜಾವ ಎರಡಕ್ಕೆ ಓದಿ ಮುಗಿಸಿದೆ. ಮುಂದಿನ ವಾರ ಇನ್ನೂ ಐದು ತಂದೆ.

ಆಮಿಶ್ ಜನರ ಬಗ್ಗೆ ನೀವು ಕೇಳಿರಬಹುದು. 1693ರ ಸುಮಾರಿಗೆ ಸ್ವಿಟ್ಜರ್ಲೆಂಡ್, ಅಲ್ಸಾಸ್ ಕಡೆ ಯಾಕೋಬ್ ಅಮ್ಮಾನ್ ಎಂಬಾತನ ಜೊತೆ ಬೇರೆಯಾದ ಕ್ರೈಸ್ತ ಪಂಗಡ ಅದು. 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದರು. ಕಾರು ಇಟ್ಟುಕೊಳ್ಳಲ್ಲ, ಕುದುರೆಗಾಡಿ. ಮನೆಗೆ ಕರೆಂಟಿನ ಲೈನ್ ಎಳೆಸಲ್ಲ. ಫೋಟೋಗೆ ಪೋಸ್ ಕೊಡಲ್ಲ. ಮನೆಯಲ್ಲಿ ಮಾತಾಡೋದು ಪೆನ್ಸಿಲ್ವೇನಿಯಾ ಡಚ್ ಅನ್ನೋ ಜರ್ಮನ್ ಮೂಲದ ನುಡಿ. ತಮ್ಮವರಲ್ಲದ ಎಲ್ಲರನ್ನೂ ‘ಇಂಗ್ಲಿಷ್’ ಅಂತಾರೆ. ಶಿವಮೊಗ್ಗದಲ್ಲಿ ಕನ್ನಡ ಮೀಡಿಯಂ ಓದಿದ ನಾನೂ ಅವರ ಲೆಕ್ಕಕ್ಕೆ ಇಂಗ್ಲಿಷೇ! ನಮ್ಮ ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು ಕೇಳಿದ್ದರೆ ಬಿದ್ದು ಬಿದ್ದು ನಗ್ತಿದ್ದರು.

ಇವರ ಮೇಲೆ ಬರೆದ ಪ್ರೇಮಕಾದಂಬರಿಗಳದ್ದೇ ಅಮೆರಿಕದಲ್ಲೊಂದು ದೊಡ್ಡ ಮಾರುಕಟ್ಟೆ ಇದೆ. 1997ರಲ್ಲಿ ಬಂದ ಬೆವರ್ಲಿ ಲೂಯಿಸ್‌ರ ‘ದಿ ಶನ್ನಿಂಗ್’ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಆಮೇಲೆ ಇಂಥ ಪುಸ್ತಕಗಳು ಎಷ್ಟು ಬಂದವು ಅಂದರೆ, ವ್ಯಾಲೆರಿ ವೀವರ್-ಜೆರ್ಚರ್ ಎಂಬ ಲೇಖಕಿ ಇವುಗಳ ಮೇಲೇ 2013ರಲ್ಲಿ ಒಂದು ಅಧ್ಯಯನದ ಪುಸ್ತಕ ಬರೆದರು. ಅವರ ಲೆಕ್ಕದಲ್ಲಿ 2012ರ ಹೊತ್ತಿಗೆ ಹೆಚ್ಚುಕಡಿಮೆ ನಾಲ್ಕು ದಿನಕ್ಕೊಂದು ಹೊಸ ಆಮಿಶ್ ಕಾದಂಬರಿ ಹೊರಬರ್ತಿತ್ತು. ತಮಾಷೆಗೆ ಇವನ್ನು ‘ಬಾನೆಟ್ ರಿಪ್ಪರ್’ ಅಂತ ಕರೀತಾರೆ. ಬೇರೆ ರೊಮ್ಯಾನ್ಸ್‌ಗಳಲ್ಲಿ ನಾಯಕಿಯ ರವಿಕೆ ಹರಿದರೆ ಇಲ್ಲಿ ಹರಿಯೋದು ಟೋಪಿ ಅಂತ ಜೋಕು. ನಿಜ ಹೇಳಬೇಕಂದ್ರೆ ಟೋಪಿಯ ದಾರವೂ ಬಿಚ್ಚಲ್ಲ. ಮುನ್ನೂರು ಪುಟ ಕಾದರೆ ಒಂದು ಮುತ್ತು ಸಿಗಬಹುದು, ಅದೂ ನಿಶ್ಚಿತಾರ್ಥ ಆದಮೇಲೆ.

ಹಾಗಾದರೆ ಆ ಮುನ್ನೂರು ಪುಟದಲ್ಲಿ ಏನಿರುತ್ತೆ? ಅಡುಗೆ ಇರುತ್ತೆ ಸ್ವಾಮಿ!

ಯೋಚನೆ ಮಾಡಿ. ಅವನು ಅವಳಿಗೆ ಮೆಸೇಜ್ ಮಾಡೋ ಹಾಗಿಲ್ಲ. ಅವಳು ಹೊಸ ಡ್ರೆಸ್ ಹಾಕಿ ಅವನ ಕಣ್ಣಿಗೆ ಬೀಳೋ ಹಾಗಿಲ್ಲ, ಎಲ್ಲರದ್ದೂ ಒಂದೇ ತರಹದ ಉಡುಪು. ಜಂಬ ಪಡೋದೇ ತಪ್ಪು ಅನ್ನೋ ಸಮಾಜದಲ್ಲಿ ಹೆಣ್ಣುಮಗಳೊಬ್ಬಳಿಗೆ ‘ನೋಡು, ನಾನು ಹೀಗಿದ್ದೀನಿ’ ಅಂತ ಹೇಳಿಕೊಳ್ಳೋಕೆ ಉಳಿದಿರೋ ಒಂದೇ ದಾರಿ ಪೈ. ಹೊಗಳಿಕೊಳ್ಳೋದು ತಪ್ಪಾಗಬಹುದು, ಪೈ ಚೆನ್ನಾಗಿ ಬಂದರೆ ಅದು ಯಾರ ತಪ್ಪೂ ಅಲ್ಲ. ಹಾಗೇ ಅವನಿಗೂ ಮಾತು ಬರಲ್ಲ. ಅವನು ಎರಡನೇ ತುಂಡು ಕೇಳಿದ ಅಂದರೆ ಪ್ರೊಪೋಸ್ ಮಾಡಿದ ಅಂತಲೇ ಲೆಕ್ಕ.

ಅದರಲ್ಲೂ ನನಗೆ ಹುಚ್ಚು ಹಿಡಿಸಿದ್ದು ಸೆಲರಿ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಆಮಿಶ್ ಮದುವೆಗಳು ಸಾಂಪ್ರದಾಯಿಕವಾಗಿ ಸುಗ್ಗಿ ಮುಗಿದ ಮೇಲೆ, ಮುಖ್ಯವಾಗಿ ನವೆಂಬರಿನಲ್ಲಿ, ಮಂಗಳವಾರ ಇಲ್ಲವೇ ಗುರುವಾರ ನಡೀತವೆ. ಮುನ್ನೂರು ನಾನೂರು ಜನರ ಊಟ. ಕೋಳಿ ಮಾಂಸಕ್ಕೆ ಬ್ರೆಡ್ ಚೂರು ಬೆರೆಸಿ ಬೇಯಿಸಿದ ‘ರೋಶ್ಟ್’, ಆಲೂಗೆಡ್ಡೆ ಮುದ್ದೆ, ಜೊತೆಗೆ ಕೆನೆಯ ಸಾಸಿನಲ್ಲಿ ಬೇಯಿಸಿದ ಸೆಲರಿ. ಮೇಜಿನ ಮೇಲೆ ಹೂವಿನ ಬದಲು ಗಾಜಿನ ಜಾಡಿಯಲ್ಲಿ ನಿಲ್ಲಿಸಿದ್ದೂ ಸೆಲರಿ ದಂಟೇ. ಆದರೆ ಮದುವೆ ಗೊತ್ತಾಗಿರೋ ವಿಷಯವನ್ನು ಚರ್ಚಿನಲ್ಲಿ ಸಾರುವ ತನಕ, ಅಂದರೆ ಮದುವೆಗೆ ಕೆಲವೇ ವಾರ ಇರುವವರೆಗೂ, ಗುಟ್ಟಾಗಿಡೋದು ವಾಡಿಕೆ. ಅಷ್ಟೊಂದು ಸೆಲರಿಯನ್ನು ಗುಟ್ಟಾಗಿ ಬೆಳೆಯೋದು ಹೇಗೆ? ಬೇಸಿಗೆಯಲ್ಲಿ ಯಾರ ಹಿತ್ತಲಲ್ಲಾದರೂ ಸೆಲರಿ ಮಡಿ ಒಂದು ಸಾಲು ಜಾಸ್ತಿ ಕಂಡರೆ ಪಕ್ಕದ ಮನೆಯವರ ಕಣ್ಣು ಆ ಮನೆಯ ಮಗಳ ಮೇಲೆ. ಇದಕ್ಕಿಂತ ಒಳ್ಳೆ ಪ್ಲಾಟ್ ಪಾಯಿಂಟ್ ಯಾವ ಕಾದಂಬರಿಕಾರ ಕಂಡುಹಿಡೀತಾನೆ ಹೇಳಿ?

ಇನ್ನು ಬೇಕರಿಗಳಂತೂ ಸರಿಯೇ. ಏಮಿ ಕ್ಲಿಪ್‌ಸ್ಟನ್ 2009ರಲ್ಲಿ ಶುರು ಮಾಡಿದ ಒಂದಿಡೀ ಕಾದಂಬರಿ ಸರಣಿ ಲ್ಯಾಂಕಾಸ್ಟರ್ ಕೌಂಟಿಯ ಬರ್ಡ್-ಇನ್-ಹ್ಯಾಂಡ್ ಅನ್ನೋ ಊರಿನ ಒಂದು ಆಮಿಶ್ ಬೇಕರಿಯ ಸುತ್ತ ಇದೆ. ಪಕ್ಕದಲ್ಲೇ ಪ್ಯಾರಡೈಸ್ ಅಂತ ಇನ್ನೊಂದು ಊರು, ಮತ್ತೆ ಆಫೀಸ್ ಲ್ಯಾಪ್‌ಟಾಪಿನಲ್ಲಿ ಹುಡುಕೋಕೆ ಭಯವಾಗುವ ಇಂಟರ್ಕೋರ್ಸ್ ಅನ್ನೋ ಊರು! ಎಷ್ಟೋ ಕಾದಂಬರಿಗಳ ಕೊನೆಗೆ ರೆಸಿಪಿ ಕೊಟ್ಟಿರ್ತಾರೆ. ಪ್ರೇಮ ಫಲಿಸಿತು, ಈಗ ನೀವು ಓವನ್ ಹಚ್ಚಬಹುದು ಅನ್ನೋ ಹಾಗೆ.

ನಾನೂ ಹಚ್ಚಿದೆ. ಶೂಫ್ಲೈ ಪೈ ಮಾಡಿದೆ. ಹಣ್ಣುಗಳ ಕಾಲ ಮುಗಿದು ಮನೆಯಲ್ಲಿ ಹಿಟ್ಟು, ಕಾಕಂಬಿ ಬಿಟ್ಟರೆ ಏನೂ ಇಲ್ಲದಾಗ ಮಾಡ್ತಿದ್ದ ಪೈ ಅದು. ಸಿಹಿಗೆ ಮುತ್ತುವ ನೊಣಗಳನ್ನು ‘ಶೂ’ ಅಂತ ಓಡಿಸಬೇಕಾದ್ದರಿಂದ ಆ ಹೆಸರು ಬಂತು ಅಂತಾರೆ. ಕೆಳಗೆ ಜಿನುಗುವ ಕಾಕಂಬಿ ಪದರ, ಮೇಲೆ ಉದುರು ಹಿಟ್ಟು. ಬಾಯಿಗಿಟ್ಟರೆ ನಮ್ಮ ಮಲೆನಾಡಿನ ಜೋನಿ ಬೆಲ್ಲ ಸ್ವಲ್ಪ ಸೀದ ಹಾಗಿತ್ತು. ಕಣ್ಣಲ್ಲಿ ನೀರು ಬಂತು. ಮನೆ ನೆನಪಾಗಿ ಅಂದುಕೊಂಡೆ, ಆದರೆ ಅಷ್ಟೇ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಅವತ್ತೇ ರಾತ್ರಿ ನಾನೂ ಒಂದು ಆಮಿಶ್ ಪ್ರೇಮಕಥೆ ಬರೆಯಲು ಕೂತೆ. ಅದೇ, ಮೂರು ಪುಟದ ರೆಸಿಪಿ. ಬೆಂಗಳೂರಿನಲ್ಲಿರೋ ಗೆಳತಿಗೆ ಕಳಿಸಿದೆ. ಅವಳು ಟೆಸ್ಟಿಂಗ್‌ನಲ್ಲಿರೋಳು, ತಪ್ಪು ಹುಡುಕೋದೇ ಹೊಟ್ಟೆಪಾಡು. ಒಂದೇ ಸಾಲು ಉತ್ತರ ಬಂತು: “ಚೆನ್ನಾಗಿದೆ ಕಣೇ, ಆದ್ರೆ ನಿನ್ನ ಹೀರೋಯಿನ್‌ಗೆ ಸೊಂಟ ನೋಯಲ್ವಾ?”

ನನಗೆ ಸಿಟ್ಟು ಬಂತು. ರೊಮ್ಯಾನ್ಸ್‌ನಲ್ಲಿ ಸೊಂಟನೋವು ಯಾಕೆ ಬರಬೇಕು? ಓದೋರು ಅದರಿಂದ ತಪ್ಪಿಸಿಕೊಳ್ಳೋಕೇ ತಾನೇ ಓದೋದು? ಆದರೆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಓದಿದ ಪುಸ್ತಕಗಳನ್ನು ತೆಗೆದು ಮತ್ತೆ ನೋಡಿದೆ. ಹಿಟ್ಟು ನಾದುತ್ತಾ ನಾಯಕಿ ಪ್ರಾರ್ಥಿಸ್ತಾಳೆ, ನೆನಪಿಸಿಕೊಳ್ತಾಳೆ, ನಾಚಿಕೊಳ್ತಾಳೆ. ಕೂತ್ಕೊಳ್ಳೋಕೆ ಕುರ್ಚಿ ಹುಡುಕಲ್ಲ. ಈ ಕಾದಂಬರಿಕಾರರಲ್ಲಿ ಹೆಚ್ಚಿನವರು ಆಮಿಶರಲ್ಲ, ಓದುಗರಲ್ಲೂ ಹೆಚ್ಚಿನವರು ಅಲ್ಲ. ಲಿಂಡಾ ಬೈಲರ್ ತರಹ ಸ್ವತಃ ಆಮಿಶ್ ಆಗಿದ್ದು ಬರೆಯೋರು ಅಪರೂಪ. ‘ಆಮಿಶ್ ಫ್ರೆಂಡ್‌ಶಿಪ್ ಬ್ರೆಡ್’ ಅಂತ ಒಂದಿದೆ. ಹುಳಿ ಹಿಟ್ಟನ್ನು ಹತ್ತು ದಿನ ಸಾಕಿ, ಭಾಗ ಮಾಡಿ ಗೆಳತಿಯರಿಗೆ ಹಂಚೋದು, ನಮ್ಮಲ್ಲಿ ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ. ಎಷ್ಟು ಚೆಂದ ಅಂತ ರೆಸಿಪಿ ನೋಡಿದರೆ ಅದರಲ್ಲಿ ಇನ್‌ಸ್ಟಂಟ್ ಪುಡ್ಡಿಂಗಿನ ಪ್ಯಾಕೆಟ್! ನನ್ನಂಥವರು ನಮಗೆ ಬೇಕಾದ ಅಡುಗೆಮನೆಯೊಂದನ್ನು ಕಟ್ಟಿಕೊಂಡು ಅದಕ್ಕೆ ಆಮಿಶ್ ಅಂತ ಬೋರ್ಡ್ ಹಾಕಿದ್ದೀವಾ ಅಂತ ಅನುಮಾನ ಶುರುವಾಯಿತು.

ನವೆಂಬರಿನ ಒಂದು ಶನಿವಾರ ಲ್ಯಾಂಕಾಸ್ಟರಿಗೆ ಟ್ರೇನ್ ಹತ್ತಿದೆ. ಫಿಲಡೆಲ್ಫಿಯಾದಿಂದ ಒಂದು ಗಂಟೆ ಚಿಲ್ಲರೆ. ಕಿಟಕಿಯಾಚೆ ಕೊಯ್ಲಾದ ಜೋಳದ ಹೊಲ, ಹೇಸರಗತ್ತೆ ಹೂಡಿದ ಗಾಡಿ, ಎತ್ತರದ ಸೈಲೊ, ಥೇಟ್ ಮುಖಪುಟವೇ. ಊರಿನ ಮಧ್ಯೆ ಸೆಂಟ್ರಲ್ ಮಾರ್ಕೆಟ್ ಇದೆ, 1889ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಕಟ್ಟಡ. ವಾರಕ್ಕೆ ಮೂರು ದಿನ ವ್ಯಾಪಾರ. ಒಳಗೆ ಹೋದರೆ ಉಪ್ಪಿನಕಾಯಿ, ಆಪಲ್ ಬಟರ್, ಚೀಸ್, ತರಕಾರಿ, ಮತ್ತೆ ಒಂದು ಸ್ಟಾಲಿನ ತುಂಬ ಪೈ.

ಸ್ಟಾಲಿನಲ್ಲಿ ನಲವತ್ತರ ಆಸುಪಾಸಿನ ಹೆಂಗಸು. ಬಿಳಿ ಟೋಪಿ, ಕಡುನೀಲಿ ಉಡುಪು. ಶೂಫ್ಲೈ ಪೈ ಕೇಳಿದೆ. ಡಬ್ಬಿ ಕೊಡುವಾಗ ತೋಳು ಸ್ವಲ್ಪ ಮೇಲೆ ಸರಿಯಿತು. ಮುಂಗೈ ಮೇಲೆ ಅಡ್ಡಡ್ಡ ಗೆರೆಗಳು. ಒಂದು ಹಳೇದು, ಬೆಳ್ಳಗೆ. ಒಂದು ಕಂದು. ಒಂದು ಇನ್ನೂ ಕೆಂಪಗಿತ್ತು. ಓವನ್ನಿನ ಕಂಬಿ ತಾಗಿದ ಗೆರೆಗಳು. ಫೋಟೋ ತೆಗೆಯೋ ಪ್ರಶ್ನೆಯೇ ಇರಲಿಲ್ಲ. ಏನಾದರೂ ಮಾತಾಡಬೇಕಲ್ಲ ಅಂತ, ಇದನ್ನೆಲ್ಲ ಯಾವಾಗ ಬೇಯಿಸಿದಿರಿ ಅಂತ ಕೇಳಿದೆ.

“ರಾತ್ರಿ ಒಂದೂವರೆಗೆ ಎದ್ದೆವು,” ಅಂದಳು, ಬಸ್ಸಿನ ಟೈಮ್ ಹೇಳೋ ಹಾಗೆ. ಗ್ಯಾಸಿನ ಓವನ್ನು, ಗಾಳಿಯ ಒತ್ತಡದಲ್ಲಿ ತಿರುಗೋ ಮಿಕ್ಸರು. ಲ್ಯಾಂಕಾಸ್ಟರ್ ಕಡೆ ಕರೆಂಟಿನ ಬದಲು ಹಾಗೆ ಮಾಡ್ಕೋತಾರೆ. ಮೊಂಬತ್ತಿಯ ಬೆಳಕಲ್ಲಿ ಕೈಯಲ್ಲೇ ಕಲಸ್ತಾಳೆ ಅಂತ ನಾನು ಬರೆದಿದ್ದೆ! ಪೈಗಳನ್ನು ಇಲ್ಲಿಗೆ ತಂದಿದ್ದು ಬಾಡಿಗೆ ವ್ಯಾನು, ಓಡಿಸಿದ್ದು ನನ್ನಂಥ ಒಬ್ಬ ‘ಇಂಗ್ಲಿಷ್’. ಆ ಕಡೆ ಜಮೀನಿನ ಬೆಲೆ ಮುಗಿಲು ಮುಟ್ಟಿದೆ, ಮಕ್ಕಳಿಗೆಲ್ಲ ಪಾಲು ಮಾಡಿಕೊಡೋಷ್ಟು ಹೊಲ ಇಲ್ಲ. ಆದ್ದರಿಂದ ಕಳೆದ ಕೆಲವು ದಶಕಗಳಲ್ಲಿ ಎಷ್ಟೋ ಆಮಿಶ್ ಮನೆಗಳು ಬೇಸಾಯ ಬಿಟ್ಟು ಮರಗೆಲಸ, ಕೌದಿ, ಬೇಕರಿ ಅಂತ ಸಣ್ಣ ವ್ಯಾಪಾರಕ್ಕೆ ಇಳಿದಿವೆ. ಆ ಪೈ ಯಾರ ಪ್ರೀತಿಯ ಕಾಣಿಕೆಯೂ ಅಲ್ಲ. ಅದು ಮನೆಯ ಖರ್ಚು.

ನಾನು ಹೊರಡೋ ಹೊತ್ತಿಗೆ ಒಂದು ಸಂಗತಿ ನಡೀತು. ಹಿಂದೆ ಗಡ್ಡದ ಗಂಡಸೊಬ್ಬ ಬಗ್ಗಿ ರಟ್ಟಿನ ಡಬ್ಬಿಗಳನ್ನು ಮಡಿಸ್ತಾ ಇದ್ದ. ಅವಳ ಗಂಡ ಇರಬೇಕು. ಗಿರಾಕಿಗಳ ಸಾಲು ಒಂದು ಕ್ಷಣ ಖಾಲಿಯಾಯಿತು. ಅವನು ತಲೆ ಎತ್ತದೆ, ಮಾತಾಡದೆ, ಕಾಲಿನಿಂದಲೇ ಒಂದು ಸ್ಟೂಲನ್ನು ಅವಳ ಹಿಂದಕ್ಕೆ ತಳ್ಳಿದ. ಅವಳೂ ತಿರುಗಿ ನೋಡಲಿಲ್ಲ. ಸ್ಟೂಲ್ ಅಲ್ಲಿರುತ್ತೆ ಅಂತ ಗೊತ್ತಿದ್ದವಳ ಹಾಗೆ ಹಿಂದಕ್ಕೆ ಸರಿದು ಕೂತಳು. ಅರ್ಧ ನಿಮಿಷ. ಮತ್ತೆ ಗಿರಾಕಿ ಬಂದರು, ಎದ್ದಳು.

ವಾಪಸ್ ಟ್ರೇನಿನಲ್ಲಿ ಪೈ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಆ ಕೈ ಎಲ್ಲಿ ನೋಡಿದ್ದೀನಿ ಅಂತ ಕೇಳಿಕೊಳ್ಳಬೇಕಾದ ಅಗತ್ಯ ಇರಲಿಲ್ಲ.

ನಾನು ಪಿಯುಸಿಯಲ್ಲಿದ್ದಾಗ ಅಪ್ಪನ ಅಂಗಡಿ ಮುಚ್ಚಿತು. ಅಮ್ಮ ಆರ್ಡರ್ ಹಿಡಿಯೋಕೆ ಶುರು ಮಾಡಿದಳು. ಚಕ್ಲಿ, ಕೋಡುಬಳೆ, ಮದುವೆ ಸೀಸನ್ನಿನಲ್ಲಿ ಹೋಳಿಗೆ. ನನ್ನ ಇಂಜಿನಿಯರಿಂಗ್ ಫೀಸಿನ ನಾಲ್ಕೂ ವರ್ಷ ಎಣ್ಣೆ ಬಾಣಲೆಯಿಂದ ಎದ್ದು ಬಂದದ್ದು. ಇದನ್ನು ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅಮ್ಮ ಏನ್ ಮಾಡ್ತಾರೆ ಅಂದರೆ ಹೌಸ್‌ವೈಫ್ ಅಂತಿದ್ದೆ. ಒಮ್ಮೆ ಕ್ಲಾಸಿನ ಹುಡುಗಿಯ ತಾಯಿ ಚಕ್ಲಿ ತಗೊಳ್ಳೋಕೆ ನಮ್ಮ ಮನೆ ಬಾಗಿಲಿಗೇ ಬಂದರು, ಜೊತೆಗೆ ಅವಳೂ ಇದ್ದಳು. ನಾನು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ, ಅವರು ಹೋಗೋ ತನಕ. ಅಮ್ಮ ಎರಡು ಸಲ ಕರೆದಳು, “ಬಾರೇ, ಕವರ್ ಹಿಡಿ ಬಾ” ಅಂತ. ಮೂರನೇ ಸಲ ಕರೆಯಲಿಲ್ಲ. ಅರ್ಥ ಆಗಿತ್ತು ಅನ್ಸುತ್ತೆ.

ಅಂಥ ನಾನು, ಸಾವಿರಾರು ಮೈಲಿ ದೂರ ಹೋಗಿ, ಡಾಲರಿಗೊಂದರಂತೆ ಪುಸ್ತಕ ಕೊಂಡು, ಇನ್ಯಾರದೋ ಅಡುಗೆಮನೆಯಲ್ಲಿ ಪ್ರೇಮ ಹುಡುಕ್ತಾ ಇದ್ದೆ. ಅವರ ಹಿಟ್ಟಿನ ಕೈ ನನಗೆ ಕಾವ್ಯ. ಅಮ್ಮನ ಹಿಟ್ಟಿನ ಕೈ ನಾಚಿಕೆ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು. ಅದೂ ಇದೂ ಮಾತಾಡಿ, ದೀಪಾವಳಿಗೆ ಚಕ್ಲಿ ಆರ್ಡರ್ ಬಂದಿತ್ತಾ ಅಂತ ಕೇಳಿದೆ.

“ಬಂದಿತ್ತು. ಚಕ್ಲಿ ಈಗ ಮಾಡಲ್ಲ ಕಣೇ. ಒರಳು ಒತ್ತೋರಿಲ್ಲ.”

ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಒರಳು ಒತ್ತೋದು ಅಪ್ಪನ ಕೆಲಸ ಅನ್ನೋದು ನನಗೆ ಆ ಕ್ಷಣದವರೆಗೂ ಒಂದು ವಿಷಯವಾಗಿ ಹೊಳೆದೇ ಇರಲಿಲ್ಲ. ಅಮ್ಮನ ಮಣಿಕಟ್ಟು ನೋಯ್ತಿತ್ತು. ಡಾಕ್ಟರು ಒತ್ತಡ ಹಾಕಬೇಡಿ ಅಂದಿದ್ದರು. ಅವತ್ತಿನಿಂದ ಅಪ್ಪ ನಾಲ್ಕು ಗಂಟೆಗೆ ಎದ್ದು, ಸ್ವೆಟರ್ ಹಾಕಿಕೊಂಡು, ಹಿತ್ತಾಳೆ ಒರಳು ಹಿಡಿದು ಪೇಪರಿನ ಮೇಲೆ ಸುತ್ತು ಹಾಕ್ತಿದ್ದರು. ಮೊದಮೊದಲು ಚಕ್ಲಿ ಮೊಟ್ಟೆಯಾಕಾರಕ್ಕೆ ಬರ್ತಿತ್ತು. ಅಮ್ಮ ಬೈತಿದ್ದಳು. ಆಮೇಲೆ ಒಂದೇ ಅಳತೆಗೆ ಬರೋಕೆ ಶುರುವಾಯ್ತು. ಅವರಿಬ್ಬರೂ ಪ್ರೀತಿಯ ಮಾತಾಡಿದ್ದು ನಾನು ಕೇಳಿಲ್ಲ. ಅಪ್ಪನ ಶರ್ಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಬರ್ನಾಲ್ ಟ್ಯೂಬ್ ಯಾವಾಗಲೂ ಇರ್ತಿತ್ತು. ಅಂಗಡಿ ಇಲ್ಲದ ಮನುಷ್ಯನ ಜೇಬಿನಲ್ಲಿ ಅದ್ಯಾಕೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಫೋನಿನಲ್ಲಿ ಅಮ್ಮನಿಗೆ ಕ್ಷಮೆ ಗಿಮೆ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅಂಥ ಅಭ್ಯಾಸ ಇಲ್ಲ. ಬಚ್ಚಲುಮನೆಯ ನಲ್ಲಿ ಬಿಟ್ಟುಕೊಂಡಿದ್ದ ದಿನದ ಬಗ್ಗೆ ಮಾತ್ರ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀರು ತುಂಬಾ ದಂಡ ಮಾಡಿದೆ ಅವತ್ತು” ಅಂದಳು.

ಆಮಿಶ್ ಕಾದಂಬರಿಗಳನ್ನು ನಾನು ಬಿಟ್ಟಿಲ್ಲ. ಈಗಲೂ ಸುಸ್ತಾದ ದಿನ ಒಂದು ಓದ್ತೀನಿ, ಖುಷಿಯಾಗಿ ಓದ್ತೀನಿ. ಅವುಗಳಲ್ಲಿ ಒಂದು ಸತ್ಯ ಇದೆ: ಪ್ರೀತಿ ಅನ್ನೋದು ಕೆಲಸದ ಒಳಗೇ ಇರುತ್ತೆ, ಕೆಲಸ ಮುಗಿಸಿ ಸಿಗೋ ಕ್ಯಾಂಡಲ್ ಲೈಟ್ ಡಿನ್ನರಿನಲ್ಲಲ್ಲ. ಆಫೀಸ್ ಮುಗಿದ ಮೇಲೆ ಬದುಕೋಣ ಅಂತ ವೀಕೆಂಡಿಗೆ ಕಾಯೋ ನಮಗೆ ಅದು ಸೆಳೆಯೋದು ಸಹಜ. ಅವು ಮಾಡೋ ಮೋಸ ಒಂದೇ. ಕೆಲಸವನ್ನಿಟ್ಟುಕೊಂಡು ಸುಸ್ತನ್ನು ಒರೆಸಿಬಿಡ್ತವೆ. ಸುಸ್ತೇ ಇಲ್ಲದಿದ್ದರೆ ಸ್ಟೂಲು ತಳ್ಳೋಕೆ ಯಾರಿಗೆ ತಾನೇ ನೆನಪಾಗುತ್ತೆ?

ಕಥೆಯನ್ನು ತಿರುಗಿ ಬರೆದೆ. ನಾಯಕಿಗೆ ಮೂವತ್ತೆಂಟು ಮಾಡಿದೆ. ಕೈಗೆ ಮೂರು ಸುಟ್ಟ ಗೆರೆ ಕೊಟ್ಟೆ. ಮೊಂಬತ್ತಿ ತೆಗೆದು ಗ್ಯಾಸ್ ಲೈಟ್ ಇಟ್ಟೆ. ಬಾಗಿಲಲ್ಲಿ ನಿಂತಿದ್ದವನನ್ನು ಕೊನೆಗೂ ಒಳಗೆ ಕರೆದೆ. ಅವನು ಪೈ ತಿನ್ನಲಿಲ್ಲ. ಮಾರ್ಕೆಟ್ಟಿಗೆ ಹೋಗಬೇಕಾದ ನಲವತ್ತು ಡಬ್ಬಿ ಮಡಿಸಿದ.

ಊರಿಗೆ ಹೋದಾಗ ಪ್ರಿಂಟ್ ತೆಗೆದು ಅಮ್ಮನಿಗೆ ಕೊಟ್ಟೆ. ಅದು ಎಲ್ಲಿ ನಡೆಯೋ ಕಥೆ, ಈ ಜನ ಯಾರು ಅಂತೆಲ್ಲ ಮೊದಲೇ ಹೇಳಿದ್ದೆ. ಹಿಂದೆ ಲೈಬ್ರರಿಯಿಂದ ಸಾಯಿಸುತೆ ಕಾದಂಬರಿ ತಂದು ಒಂದೇ ಮಧ್ಯಾಹ್ನಕ್ಕೆ ಮುಗಿಸ್ತಿದ್ದವಳು ಅವಳು. ಕನ್ನಡಕ ಹಾಕಿಕೊಂಡು, ಬೆರಳಿಟ್ಟುಕೊಂಡು, ಪೂರ್ತಿ ಓದಿದಳು. ಪೇಪರ್ ಮಡಿಸಿ ನನ್ನ ಕೈಗೆ ಕೊಟ್ಟಳು.

“ಚೆನ್ನಾಗಿದೆ. ಹುಡುಗ ಒಳ್ಳೇವನು,” ಅಂದಳು. ಆಮೇಲೆ ಅಡುಗೆಮನೆ ಕಡೆ ಹೋಗ್ತಾ ತಿರುಗಿ ಕೇಳಿದಳು, “ಅದೆಲ್ಲಾ ಸರಿ, ಆಮೇಲೆ ಆ ಟ್ರೇಗಳನ್ನೆಲ್ಲ ಯಾರು ತೊಳೆದ್ರು?”